ಕೀಲಿಮಣೆಯ ಮುಂದೆ ಯಾರು? ಕನ್ನಡ ಟೈಪಿಂಗ್ ವಿನ್ಯಾಸ ಮತ್ತು ಅದು ಊಹಿಸಿಕೊಂಡ ಬಳಕೆದಾರ

1986ರಲ್ಲಿ ಡೊನಾಲ್ಡ್ ನಾರ್ಮನ್ ಮತ್ತು ಸ್ಟೀಫನ್ ಡ್ರೇಪರ್ ಸಂಪಾದಿಸಿದ 'ಯೂಸರ್ ಸೆಂಟರ್ಡ್ ಸಿಸ್ಟಮ್ ಡಿಸೈನ್' ಎಂಬ ಪುಸ್ತಕ ಅಮೆರಿಕದಲ್ಲಿ ಹೊರಬಂತು. ಬಳಕೆದಾರ ಕೇಂದ್ರಿತ ವಿನ್ಯಾಸ ಎಂದು ಇಂದು ಎಲ್ಲೆಡೆ ಕೇಳಿಬರುವ ಮಾತಿಗೆ ಗಟ್ಟಿಯಾದ ನೆಲೆ ಸಿಕ್ಕಿದ್ದು ಆ ಪುಸ್ತಕದಿಂದ. ಅದೇ ವರ್ಷ ಭಾರತ ಸರ್ಕಾರದ ಎಲೆಕ್ಟ್ರಾನಿಕ್ಸ್ ಇಲಾಖೆ ದೇಶದ ಹಲವು ಲಿಪಿಗಳಿಗೆ ಹೊಂದುವ ಒಂದೇ ಕೀಲಿಮಣೆಯನ್ನು ಪ್ರಮಾಣೀಕರಿಸಿತು. ಅದರ ಹೆಸರು ಇನ್‌ಸ್ಕ್ರಿಪ್ಟ್. ಇವೆರಡಕ್ಕೂ ನೇರ ನಂಟಿಲ್ಲ. ಆದರೂ ಕನ್ನಡದಲ್ಲಿ ಟೈಪ್ ಮಾಡುವವರ ಚರಿತ್ರೆ ಬರೆಯಹೊರಟರೆ ಎರಡನ್ನೂ ಒಂದೇ ಮೇಜಿನ ಮೇಲಿಟ್ಟು ನೋಡಬೇಕಾಗುತ್ತದೆ.

ಬಳಸುವವನ ತಪ್ಪು ಎಂದು ಬರೆದು ಕೈತೊಳೆದುಕೊಳ್ಳುವ ಬದಲು ಯಂತ್ರದ ತಪ್ಪನ್ನು ಹುಡುಕುವ ಪರಿಪಾಠ ಎರಡನೇ ಮಹಾಯುದ್ಧದ ವಿಮಾನಗಳಿಂದ ಬಂದದ್ದು. 1947ರಲ್ಲಿ ಪಾಲ್ ಫಿಟ್ಸ್ ಮತ್ತು ರಿಚರ್ಡ್ ಜೋನ್ಸ್, 'ಪೈಲಟ್ ತಪ್ಪು' ಎಂದು ದಾಖಲಾಗಿದ್ದ 460 ಅನುಭವಗಳನ್ನು ಬಿಡಿಸಿ ನೋಡಿದರು. ಒಂದೇ ರೀತಿ ಕಾಣುವ ಹಿಡಿಗಳನ್ನು ಪಕ್ಕಪಕ್ಕದಲ್ಲಿ ಜೋಡಿಸಿದ್ದು, ಒಂದು ವಿಮಾನದಲ್ಲಿ ಎಡಕ್ಕಿರುವುದು ಇನ್ನೊಂದರಲ್ಲಿ ಬಲಕ್ಕಿರುವುದು, ಇಂಥವೇ ಮತ್ತೆ ಮತ್ತೆ ಕಂಡವು. 1985ರಲ್ಲಿ ಐಬಿಎಂನ ಜಾನ್ ಗೌಲ್ಡ್ ಮತ್ತು ಕ್ಲೇಟನ್ ಲೂಯಿಸ್ ಮೂರು ಸೂತ್ರ ಕೊಟ್ಟರು: ಮೊದಲೇ ಬಳಕೆದಾರರನ್ನು ಅರಿಯಿರಿ, ಅವರ ಕೈಗೆ ಕೊಟ್ಟು ಅಳೆಯಿರಿ, ತಿದ್ದಿ ಮತ್ತೆ ಕೊಡಿ. 1999ರಲ್ಲಿ ಇದೇ ಬಗೆಯ ವಿಚಾರಗಳು ಐಎಸ್ಒ 13407 ಎಂಬ ಅಂತರರಾಷ್ಟ್ರೀಯ ಮಾನಕವಾದವು.

ಈ ಸಾಹಿತ್ಯದಲ್ಲೆಲ್ಲ ಹೇಳದೆಯೇ ಒಪ್ಪಿಕೊಂಡ ಸಂಗತಿಯೊಂದಿದೆ. ಬಳಕೆದಾರ ಮೊದಲೇ ಅಲ್ಲಿ ಇದ್ದಾನೆ, ವಿನ್ಯಾಸಕಾರ ಹೋಗಿ ಅವನನ್ನು ಕಾಣಬೇಕು, ಅಷ್ಟೇ. ಕನ್ನಡ ಟೈಪಿಂಗಿನ ಚರಿತ್ರೆ ಇದಕ್ಕೆ ಒಗ್ಗುವುದಿಲ್ಲ ಎಂಬುದು ಈ ಲೇಖನದ ವಾದ. ಇಲ್ಲಿ ಪ್ರತಿ ಮಣೆಯೂ ತನ್ನದೇ ಬಳಕೆದಾರನನ್ನು ಊಹಿಸಿಕೊಂಡಿತು. ಕೊನೆಗೆ ಗೆದ್ದದ್ದು ಬೇರೆ ಯಾವುದೋ ಯಂತ್ರ ಆಗಲೇ ಪಳಗಿಸಿದ್ದ ಬೆರಳು. ನನ್ನ ಮುಖ್ಯ ಆಕರ ಮಣೆಗಳೇ: ಯಾವ ಕೀಲಿಯಲ್ಲಿ ಯಾವ ಅಕ್ಷರ ಕೂತಿದೆ ಎಂಬುದನ್ನು ದಾಖಲೆಯಂತೆ ಓದಬಹುದು.

ಕಣ್ಣು ಕಂಡಂತೆ, ಬಾಯಿ ಆಡಿದಂತೆ

ಕ್ರಿಸ್ಟೊಫರ್ ಶೋಲ್ಸ್ ಮತ್ತು ಜೊತೆಗಾರರು ಟೈಪ್‌ರೈಟರಿಗೆ ಪೇಟೆಂಟ್ ಪಡೆದದ್ದು 1868ರಲ್ಲಿ. ರೆಮಿಂಗ್ಟನ್ ಕಂಪನಿ ಅದನ್ನು ಪೇಟೆಗೆ ತಂದದ್ದು 1874ರಲ್ಲಿ. ಕ್ವರ್ಟಿ ಮಣೆಯನ್ನು ಕಡ್ಡಿಗಳು ಸಿಕ್ಕಿಕೊಳ್ಳದಿರಲೆಂದು ಮಾಡಿದರು ಎಂಬ ಕಥೆ ಎಲ್ಲರಿಗೂ ಗೊತ್ತು. ಜಪಾನಿನ ಕೊಯಿಚಿ ಮತ್ತು ಮೊಟೊಕೊ ಯಾಸುವೊಕಾ 2011ರಲ್ಲಿ ಇದನ್ನು ಪ್ರಶ್ನಿಸಿದರು. ಮೋರ್ಸ್ ಸಂಕೇತ ಕೇಳಿ ಬರೆದುಕೊಳ್ಳುತ್ತಿದ್ದ ತಂತಿ ನೌಕರರ ಅನುಭವ ಆ ಜೋಡಣೆಯನ್ನು ರೂಪಿಸಿತು ಎಂಬುದು ಅವರ ನಿಲುವು. ಅವರು ಹೇಳಿದ್ದು ಸರಿಯಾದರೆ ಜಗತ್ತಿನ ಅತಿ ಹೆಚ್ಚು ಬಳಕೆಯ ಮಣೆ ಒಂದು ಸಣ್ಣ ಕಸುಬಿನವರ ಕೈಗೆ ಹೊಲಿದದ್ದು.

ಕನ್ನಡಕ್ಕೆ ಬಂದಾಗ ಈ ಯಂತ್ರಕ್ಕೆ ಲೆಕ್ಕವೇ ತಪ್ಪಿತು. 49 ಅಕ್ಷರಗಳೆಂದರೆ ಸುಲಭ ಅನಿಸೀತು. ಆದರೆ 34 ವ್ಯಂಜನಗಳಿಗೆ 13 ಸ್ವರ ಸೇರಿದರೆ 442 ರೂಪಗಳು, ಮೇಲೆ ಒತ್ತಕ್ಷರಗಳು. ಇಂಗ್ಲಿಷಿಗಾಗಿ ಎರಕ ಹೊಯ್ದ ಚೌಕಟ್ಟಿನಲ್ಲಿ ಇಷ್ಟಕ್ಕೆ ಜಾಗವೆಲ್ಲಿ? ಹಾಗಾಗಿ ಅಕ್ಷರವನ್ನು ಒಡೆದರು. ಒಡಲು ಒಂದು ಕೀಲಿ, ಗುಣಿತದ ಚಿಹ್ನೆ ಇನ್ನೊಂದು, ಒತ್ತು ಮತ್ತೊಂದು. ಕೆಲವು ಕೀಲಿ ಒತ್ತಿದರೆ ಗಾಡಿ ಮುಂದೆ ಸರಿಯದಂತೆ ಮಾಡಿದರು, ಚಿಹ್ನೆ ಅದೇ ಅಕ್ಷರದ ಮೇಲೋ ಕೆಳಗೋ ಬೀಳಲೆಂದು. ಬೆರಳಚ್ಚುಗಾರನು ಅಕ್ಷರವನ್ನು ಬರೆಯುತ್ತಿರಲಿಲ್ಲ, ಕಟ್ಟುತ್ತಿದ್ದ.

'ಅರ್ಕ' ಎಂಬ ಪದವನ್ನೇ ತೆಗೆದುಕೊಳ್ಳಿ. ಬಾಯಲ್ಲಿ ರಕಾರ ಮೊದಲು, ಕಕಾರ ಆಮೇಲೆ. ಕಾಗದದ ಮೇಲೆ ಕಕಾರ ಮೊದಲು, ಅರ್ಕಾವೊತ್ತು ಆಮೇಲೆ. ಟೈಪ್‌ರೈಟರಿನಲ್ಲಿ ಕಾಗದದ ಕ್ರಮವೇ ಕ್ರಮ. ಟೈಪಿಂಗ್ ಇನ್‌ಸ್ಟಿಟ್ಯೂಟುಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆಗೆ ಕೂತವರು ಈ ಕ್ರಮವನ್ನು ಬೆರಳಿಗೆ ಇಳಿಸಿಕೊಂಡರು. ಅದು ಕಚೇರಿಯ ಕೆಲಸ, ಸಂಬಳದ ದಾರಿ. ಈ ಮಣೆ ಊಹಿಸಿಕೊಂಡ ಬಳಕೆದಾರ ಬೇರೆಯವರ ಕರಡನ್ನು ನೋಡಿ ನಕಲಿಳಿಸುವ ನೌಕರ. ತನ್ನ ಮನಸ್ಸಿಗೆ ಬಂದದ್ದನ್ನು ತಾನೇ ಟೈಪ್ ಮಾಡುವ ಮನುಷ್ಯ ಅದರ ಲೆಕ್ಕದಲ್ಲೇ ಇರಲಿಲ್ಲ.

ಕಂಪ್ಯೂಟರ್ ಬಂದಾಗ ಕ್ರಮ ತಿರುಗುಮುರುಗಾಯಿತು. ಐಐಟಿ ಕಾನ್ಪುರದಲ್ಲಿ ಹುಟ್ಟಿ ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ ಜಿಸ್ಟ್ ತಂತ್ರಜ್ಞಾನ ಮತ್ತು 1991ರಲ್ಲಿ ಭಾರತೀಯ ಮಾನಕವಾದ ಇಸ್ಕಿ ಸಂಕೇತ, ಎರಡೂ ಅಕ್ಷರವನ್ನು ಆಡಿದ ಕ್ರಮದಲ್ಲಿ ಇಟ್ಟುಕೊಂಡವು. ರ, ವಿರಾಮ (ವ್ಯಂಜನದ ಅಕಾರ ತೆಗೆಯುವ ಚಿಹ್ನೆ), ಕ ಎಂದು ಒತ್ತಿದರೆ ಅರ್ಕಾವೊತ್ತನ್ನು ಎಲ್ಲಿ ಕೂರಿಸಬೇಕೆಂಬುದು ಯಂತ್ರದ ತಲೆನೋವು. ತಾತ್ವಿಕವಾಗಿ ಇದು ದೊಡ್ಡ ಮುನ್ನಡೆ. ವರ್ಷಗಟ್ಟಲೆ ಟೈಪ್‌ರೈಟರಿನಲ್ಲಿ ಪಳಗಿದವರಿಗೆ ಮಾತ್ರ ಮೊದಲಿನಿಂದ ಕಲಿಯುವ ಶಿಕ್ಷೆ. ಡಿಟಿಪಿ ಅಂಗಡಿಗಳಿಗೆ ತಂತ್ರಾಂಶ ಮಾರುತ್ತಿದ್ದ ಕಂಪನಿಗಳಿಗೆ ಇದು ಬೇಗ ಅರ್ಥವಾಗಿ, ಹಳೆಯ ಟೈಪ್‌ರೈಟರ್ ಜೋಡಣೆಯನ್ನೂ ಆಯ್ಕೆಯಾಗಿ ಕೊಟ್ಟವು.

ಮೂಲೆಗೆ ಬಿದ್ದ ಎತ್ವ

ಇನ್‌ಸ್ಕ್ರಿಪ್ಟ್ ಮಣೆಯನ್ನು ಮೊದಲ ಸಲ ಗಮನವಿಟ್ಟು ನೋಡಿದವರಿಗೆ ಅದರ ಚೆಲುವು ಹಿಡಿಸದೆ ಇರದು. ಸ್ವರಗಳು ಎಡಗೈಗೆ, ವ್ಯಂಜನಗಳು ಬಹುಪಾಲು ಬಲಗೈಗೆ. ನಡುಸಾಲಿನಲ್ಲಿ ಪ, ಕ, ತ, ಚ, ಟ. ಪ್ರತಿಯೊಂದರ ನೆತ್ತಿಯ ಮೇಲೆ, ಮೇಲಿನ ಸಾಲಿನಲ್ಲಿ, ಬ, ಗ, ದ, ಜ, ಡ. ಶಿಫ್ಟ್ ಹಿಡಿದರೆ ಅವುಗಳ ಮಹಾಪ್ರಾಣ. ಶಿಕ್ಷಾಶಾಸ್ತ್ರ ಬಲ್ಲ ಪಂಡಿತನೊಬ್ಬ ಕೀಲಿಮಣೆ ಮಾಡಿದ್ದರೆ ಹೀಗೇ ಮಾಡುತ್ತಿದ್ದ. ಒಮ್ಮೆ ಕಲಿತರೆ ಕನ್ನಡವೇನು, ಬಂಗಾಳಿ, ಗುಜರಾತಿಯನ್ನೂ ಅದೇ ಬೆರಳುಗಳಿಂದ ಬರೆಯಬಹುದು.

ಆದರೆ ಒಬ್ಬ ಮನುಷ್ಯ ದಿನವೂ ಐದು ಲಿಪಿಗಳಲ್ಲಿ ಬರೆಯುತ್ತಾನೆಯೇ? ಸರ್ಕಾರಕ್ಕೆ ಬೇಕಿದ್ದ ಏಕರೂಪತೆ ಬರೆಯುವವನಿಗೆ ಬೇಕಿರಲಿಲ್ಲ. ಅದಕ್ಕೆ ತೆತ್ತ ಬೆಲೆ ಎಷ್ಟೆಂದು ಮಣೆಯ ಎಡ ಅಂಚಿನಲ್ಲಿ ಕಾಣುತ್ತದೆ. ಹಿಂದಿಗೆ ಹ್ರಸ್ವ ಎ, ಒ ಇಲ್ಲ. ಆದ್ದರಿಂದ ದೀರ್ಘ ಏ, ಓ ಚಿಹ್ನೆಗಳಿಗೆ ನಡುಸಾಲಿನ ಒಳ್ಳೆಯ ಜಾಗ ದೊರೆತು, ಹ್ರಸ್ವಗಳು ಉಳಿದ ಮೂಲೆಗಳಿಗೆ ಹೋದವು. ಎತ್ವ ಇಂಗ್ಲಿಷಿನ ಝಡ್ ಕೀಲಿಗೆ, ಒತ್ವ ಮೇಲಿನ ಎಡತುದಿಯ ಕೀಲಿಗೆ. ಮನೆ, ಎಲೆ, ನನಗೆ, ಬರುತ್ತೇನೆ: ಎತ್ವವಿಲ್ಲದೆ ಕನ್ನಡ ನಾಲ್ಕು ಹೆಜ್ಜೆ ನಡೆಯದು. 'ಮನೆಗೆ' ಎಂದು ಬರೆಯಲು ಈ ಮಣೆಯಲ್ಲಿ ಐದು ಕೀಲಿ ಬೇಕು. ಅವುಗಳಲ್ಲಿ ನಾಲ್ಕು ಎಡಗೈಯ ಕೆಳಸಾಲಿನವು, ಅದರಲ್ಲೂ ಎರಡು ಕಿರುಬೆರಳಿನವು. ಇದು ಕನ್ನಡಿಗನನ್ನು ಎದುರಿಗೆ ಕೂರಿಸಿಕೊಂಡು ಮಾಡಿದ ಜೋಡಣೆ ಎಂದು ನಂಬುವುದು ಕಷ್ಟ.

ಕೆ.ಪಿ. ರಾವ್ ಅವರ ಮಣೆಯಲ್ಲಿ 'ಮನೆಗೆ' ಎಂದರೆ ಎಂ, ಎನ್, ಇ, ಜಿ, ಇ. ಇಲ್ಲಿಯೂ ಐದೇ ಕೀಲಿ. ಆದರೆ ಇಂಗ್ಲಿಷ್ ಮಣೆ ಕಂಡವರು ಯಾರೇ ಆದರೂ ಕಲಿಯದೆಯೇ ಊಹಿಸಬಲ್ಲರು.

ಮಂಗಳೂರಿನ ಹತ್ತಿರದ ಕಿನ್ನಿಕಂಬಳದ ಕೆ.ಪಿ. ರಾವ್ ಮುದ್ರಣ ತಂತ್ರಜ್ಞಾನದ ವೃತ್ತಿಯಲ್ಲಿ ಬೆಳೆದವರು. ಅಕ್ಷರ ಜೋಡಿಸುವವರ ಕಷ್ಟವನ್ನು ಹತ್ತಿರದಿಂದ ಬಲ್ಲವರು. ತಾವು ಮಾಡಿದ ತಂತ್ರಾಂಶಕ್ಕೆ ಭಾಷಾವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ಉಚಿತವಾಗಿ ಹಂಚಿದರು. ಆ ಮಣೆಯ ಜಾಣತನ ಮೂರು ಕಡೆ ಇದೆ. ವ್ಯಂಜನದಲ್ಲಿ ಅಕಾರ ಅಡಗಿಯೇ ಇರುತ್ತದೆ, ಬೇರೆ ಒತ್ತಬೇಕಿಲ್ಲ. ಕನ್ನಡಕ್ಕೆ ಬೇಡದ ಎಫ್ ಕೀಲಿಗೆ ವಿರಾಮ ಚಿಹ್ನೆ ಕೊಟ್ಟಿದ್ದರಿಂದ ಒತ್ತಕ್ಷರದ ಕೆಲಸವೆಲ್ಲ ಎಡ ತೋರುಬೆರಳು ಕೂತಲ್ಲೇ ಮುಗಿಯುತ್ತದೆ. ಟಿ, ಡಿ ಕೀಲಿಗಳು ತ, ದಗಳಿಗೆ ಹೋದವಲ್ಲ, ಟ, ಡಗಳಿಗೇನು ಮಾಡುವುದು? ಕ್ಯೂ ಮತ್ತು ಡಬ್ಲ್ಯೂ ಖಾಲಿ ಇದ್ದವು. ಹೀಗೆ 'ಕರ್ನಾಟಕ' ಏಳು ಕೀಲಿಗಳಲ್ಲಿ ಮುಗಿಯುತ್ತದೆ, ಶಿಫ್ಟ್ ಬೇಕಾಗುವುದು ಒಂದೇ ಸಲ. ಇಂಗ್ಲಿಷ್ ಕಾಗುಣಿತದಂತೆ ಅಕಾರಗಳನ್ನೂ ಒತ್ತುವ ಪದ್ಧತಿಯಲ್ಲಿ ಒಂಬತ್ತು ಕೀಲಿ, ಎರಡು ಶಿಫ್ಟ್.

ಕರ್ನಾಟಕ ಸರ್ಕಾರ ಈ ಜೋಡಣೆಯನ್ನು ಅಧಿಕೃತವಾಗಿ ಒಪ್ಪಿಕೊಂಡಿತು. ಕನ್ನಡ ಗಣಕ ಪರಿಷತ್ತಿನ 'ನುಡಿ' ತಂತ್ರಾಂಶ ಅದನ್ನು ಸರ್ಕಾರಿ ಕಚೇರಿಗಳಿಗೂ ಶಾಲೆಗಳಿಗೂ ಒಯ್ದಿತು. ನನ್ನ ತೂಕದಲ್ಲಿ ಕನ್ನಡಕ್ಕೆ ಸಿಕ್ಕಿದ ಅತ್ಯುತ್ತಮ ಮಣೆ ಇದೇ. ಆದರೂ ಒಂದು ಮಾತು ಹೇಳಲೇಬೇಕು: ಇದು ಊಹಿಸಿಕೊಂಡ ಬಳಕೆದಾರನಿಗೆ ಇಂಗ್ಲಿಷಿನ ಎ, ಬಿ, ಸಿ, ಡಿ ಮೊದಲೇ ಗೊತ್ತಿರಬೇಕು.

1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಉಚಿತವಾಗಿ ಕೊಟ್ಟ 'ಬರಹ' ತಂತ್ರಾಂಶ ಈ ಊಹೆಯನ್ನು ಕೊನೆಯ ತನಕ ಎಳೆಯಿತು. ಇಂಗ್ಲಿಷ್ ಅಕ್ಷರಗಳಲ್ಲಿ ಕನ್ನಡ ಬರೆಯಿರಿ, ಅದು ಕನ್ನಡವಾಗುತ್ತದೆ. ಹೊರದೇಶಗಳಲ್ಲಿ ಕೂತು ಊರಿನವರಿಗೆ ಕನ್ನಡದಲ್ಲಿ ಬರೆಯಬೇಕೆಂದು ಹಂಬಲಿಸುತ್ತಿದ್ದ ಕನ್ನಡಿಗರಿಗೆ ಅದು ದೊಡ್ಡ ಉಪಕಾರ. ವೃತ್ತಿ ಬೆರಳಚ್ಚುಗಾರರಲ್ಲದವರು ಕಂಪ್ಯೂಟರಿನಲ್ಲಿ ಕನ್ನಡ ಬರೆಯತೊಡಗಿದ್ದಕ್ಕೆ ಈ ತಂತ್ರಾಂಶದ ಪಾಲು ದೊಡ್ಡದು.

ಕಾಣದ ಚಿಹ್ನೆ

ನುಡಿ, ಬರಹಗಳ ಈ ಕಾಲದ ಕನ್ನಡ ಪಠ್ಯ ಬಹುಪಾಲು ಫಾಂಟಿನ ಒಳಗಿನ ತುಣುಕುಗಳ ಸಂಕೇತದಲ್ಲಿ ಉಳಿಯುತ್ತಿತ್ತು. ಕಾಗದದ ಮೇಲೆ ಅಚ್ಚುಕಟ್ಟು. ಇನ್ನೊಂದು ಕಂಪ್ಯೂಟರಿಗೆ ಹೋದರೆ ಅರ್ಥವಾಗದ ಗೀಚು. ಹುಡುಕಲೂ ಆಗದು, ಅಕಾರಾದಿಯಾಗಿ ಜೋಡಿಸಲೂ ಆಗದು. ಮುದ್ರಿಸುವವನನ್ನು ಮಾತ್ರ ನೆನೆದು ಮಾಡಿದ ವಿನ್ಯಾಸದ ಫಲ ಇದು. ಯೂನಿಕೋಡ್‌ನ ಮೊದಲ ಆವೃತ್ತಿಯಲ್ಲೇ, 1991ರಲ್ಲಿ, ಕನ್ನಡಕ್ಕೆ ಜಾಗವಿತ್ತು. ಅದು ಸಾಮಾನ್ಯರ ಕಂಪ್ಯೂಟರಿನಲ್ಲಿ ಮೂಡಿದ್ದು 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ, ತುಂಗಾ ಎಂಬ ಫಾಂಟಿನೊಡನೆ. ಆ ನಡುವಿನ ಹತ್ತು ವರ್ಷ, ಆಮೇಲಿನ ಇನ್ನಷ್ಟು ವರ್ಷ ಟೈಪಾದ ಕಡತಗಳನ್ನು ಪರಿವರ್ತಿಸುವ ಕೆಲಸ ಇಂದಿಗೂ ಪೂರ್ತಿ ಮುಗಿದಿಲ್ಲ.

ಯೂನಿಕೋಡ್ ತನ್ನದೇ ಒಂದು ಒಗಟನ್ನು ತಂದಿತು. 'ರಾಜ್‌ಕುಮಾರ್' ಎಂದು ಸರಿಯಾಗಿ ಬರೆಯಲು ಜಕಾರದ ವಿರಾಮ ಮತ್ತು ಕಕಾರದ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಇರಬೇಕು. ಇಲ್ಲವಾದರೆ ಅದು 'ರಾಜ್ಕುಮಾರ್' ಆಗಿ ಕಕಾರ ಜಕಾರದ ಕೆಳಗೆ ಒತ್ತಾಗುತ್ತದೆ. ಅರ್ಕಾವೊತ್ತು ಬೇಡ, ರಕಾರಕ್ಕೆ ಕಕಾರ ಒತ್ತಾಗಿ ಬರಲಿ ಎಂದರೆ ಇನ್ನೊಂದು ಕಾಣದ ಚಿಹ್ನೆ. ಇವೆರಡನ್ನೂ ಟೈಪ್ ಮಾಡುವುದು ಹೇಗೆಂದು ಎಷ್ಟು ಕನ್ನಡಿಗರಿಗೆ ಗೊತ್ತು? ಸಾಫ್ಟ್ವೇರ್, ಫೇಸ್ಬುಕ್ ಎಂಬ ರೂಪಗಳು ಫಲಕಗಳಲ್ಲೂ ಪತ್ರಿಕೆಗಳಲ್ಲೂ ಕಂಡಾಗ ಕನ್ನಡ ಬಾರದವರು ಎಂದು ಬೈಯುವುದು ವಾಡಿಕೆ. ಫಿಟ್ಸ್ ಮತ್ತು ಜೋನ್ಸ್ ಕೈಗೆ ಈ ಫಲಕಗಳು ಸಿಕ್ಕಿದ್ದರೆ ಅವರು ಕೇಳುತ್ತಿದ್ದ ಪ್ರಶ್ನೆ ಬೇರೆ. ಕಾಣದ ಚಿಹ್ನೆಯನ್ನು, ಎಲ್ಲಿದೆಯೆಂದು ತಿಳಿಯದ ಕೀಲಿಯಿಂದ, ತಪ್ಪದೆ ಹಾಕಬೇಕೆಂದು ನಿರೀಕ್ಷಿಸಿದವರು ಯಾರು?

ಮೊಬೈಲ್ ಫೋನ್ ಬಂದ ಮೇಲೆ ಈ ಕಥೆ ವಿಧಾನಸೌಧದಿಂದಲೂ ತಜ್ಞರ ಸಮಿತಿಗಳಿಂದಲೂ ಹೊರಗೆ ತೀರ್ಮಾನವಾಯಿತು. ಹನ್ನೆರಡು ಗುಂಡಿಯ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳಾದರೆ ಒಂದು ಎಸ್ಎಂಎಸ್‌ಗೆ 160 ಹಿಡಿಯುತ್ತಿದ್ದವು. ಕನ್ನಡ ಲಿಪಿಯಾದರೆ 70 ಮಾತ್ರ. ಅದರಲ್ಲೂ ಗುಣಿತದ ಚಿಹ್ನೆ, ವಿರಾಮ ಎಲ್ಲವೂ ಬೇರೆಬೇರೆ ಲೆಕ್ಕ, 'ಕನ್ನಡ' ಎಂಬ ಮೂರಕ್ಷರಕ್ಕೇ ಐದು ಹೋಗುತ್ತಿತ್ತು. ಕನ್ನಡ ಲಿಪಿ ಇರುವ ಫೋನು ಸಿಗುವುದೂ ಅಷ್ಟಕ್ಕಷ್ಟೆ. 'ಊಟ ಆಯ್ತಾ' ಎಂದು ಕೇಳಲು ಜನ ಇಂಗ್ಲಿಷ್ ಅಕ್ಷರ ಹಿಡಿದರು. 2012ರಲ್ಲಿ ಆಂಡ್ರಾಯ್ಡ್ 4.1 ಆವೃತ್ತಿ ಕನ್ನಡ ಲಿಪಿಯನ್ನು ತನ್ನೊಳಗೇ ತಂದಾಗ, ಒಂದು ಪೀಳಿಗೆಯ ಹೆಬ್ಬೆರಳುಗಳು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿ ಕಟ್ಟುವುದನ್ನು ಕಲಿತು ಮುಗಿಸಿದ್ದವು. ಲಿಪ್ಯಂತರಣದ ಮಣೆಗಳಿಗೆ ಬಳಕೆದಾರ ಸಿದ್ಧನಾಗಿ ಸಿಕ್ಕಿದ. ಅವನನ್ನು ಸಿದ್ಧಮಾಡಿದ್ದು ಎಸ್ಎಂಎಸ್‌ನ ಅಕ್ಷರಮಿತಿ.

ಇಂದಿನ ಲಿಪ್ಯಂತರಣ ಶಿಫ್ಟನ್ನೂ ಕೇಳುವುದಿಲ್ಲ, ಊಹಿಸಿ ಪದಗಳ ಪಟ್ಟಿ ಮುಂದಿಡುತ್ತದೆ. ಬಿ, ಇ, ಎಲ್, ಇ ಎಂದು ಒತ್ತಿದರೆ ಅದು ಬೆಲೆಯೂ ಆಗಬಹುದು, ಬೆಳೆಯೂ ಆಗಬಹುದು, ಬೇಳೆಯೂ ಆಗಬಹುದು. ಕೆ.ಪಿ. ರಾವ್ ಮಣೆಯಲ್ಲಿ ಈ ಮೂರಕ್ಕೂ ನಾಲ್ಕೇ ಕೀಲಿ, ಮೂರೂ ಬೇರೆಬೇರೆ, ಗೊಂದಲವಿಲ್ಲ. ಆದರೂ ಜನ ಪಟ್ಟಿಯಿಂದ ಆರಿಸುವುದನ್ನೇ ಒಪ್ಪಿಕೊಂಡಿದ್ದಾರೆ. ನಿಖರತೆಗಿಂತ ಹೊಸದಾಗಿ ಏನನ್ನೂ ಕಲಿಯದಿರುವುದು ಅವರಿಗೆ ಹೆಚ್ಚು ಬೆಲೆಯುಳ್ಳದ್ದು.

ಇಂಗ್ಲಿಷ್ ಅಕ್ಷರಗಳ ಮೊರೆಹೋಗದೆ, ಒಂದನೇ ತರಗತಿಯ ಕಾಗುಣಿತವನ್ನೇ ನಂಬಿದ ಮಣೆಯೂ ಒಂದಿದೆ. ಐಐಟಿ ಬಾಂಬೆಯ ವಿನ್ಯಾಸ ಕೇಂದ್ರದಲ್ಲಿ ಅನಿರುದ್ಧ ಜೋಶಿ ಮತ್ತು ಜೊತೆಗಾರರು ಮೊದಲು 'ಕೀಲೇಖ್' ಎಂಬ, ವರ್ಣಮಾಲೆಯ ಕ್ರಮದ ಮಣೆಯನ್ನು ಬಳಕೆದಾರರ ಕೈಯಲ್ಲಿ ಪರೀಕ್ಷಿಸುತ್ತ ರೂಪಿಸಿದರು. ಅನಂತರ ಸ್ಪರ್ಶಫೋನಿಗೆ 'ಸ್ವರಚಕ್ರ' ಮಾಡಿದರು, ಕನ್ನಡದಲ್ಲೂ ಅದು ಬಂತು. ಕ ಮುಟ್ಟಿದರೆ ಸುತ್ತ ಕಾ, ಕಿ, ಕೀ ಎಂದು ಚಕ್ರವೊಂದು ಅರಳುತ್ತದೆ, ಬೇಕಾದತ್ತ ಬೆರಳು ಜಾರಿಸಿದರಾಯಿತು. ಗೌಲ್ಡ್ ಮತ್ತು ಲೂಯಿಸ್ ಸೂತ್ರಗಳನ್ನು ಅಕ್ಷರಶಃ ಪಾಲಿಸಿದ ಭಾರತೀಯ ಮಣೆ ಎಂದರೆ ಇದು. ಇಂಗ್ಲಿಷ್ ಬಾರದೆ ಕನ್ನಡ ಓದಬಲ್ಲ ಹೆಂಗಸು ಪೂರ್ಣ ಬಳಕೆದಾರಳಾಗಿ ಕಾಣಿಸಿಕೊಳ್ಳುವುದೂ ಇಲ್ಲೇ. ಆದರೆ ಫೋನಿನ ಜೊತೆಗೇ ಬಂದ ಮಣೆಯನ್ನು ಬದಲಿಸಬೇಕಾದರೆ ಆಪ್ ಅಂಗಡಿಗೆ ಹೋಗಿ, ಅದನ್ನು ಇಳಿಸಿಕೊಂಡು, ಸೆಟ್ಟಿಂಗ್ಸ್ ಒಳಗೆ ಭಾಷೆ ಮತ್ತು ಇನ್‌ಪುಟ್ ವಿಭಾಗ ಹುಡುಕಿ, ಎಚ್ಚರಿಕೆಯ ಸಂದೇಶವೊಂದಕ್ಕೆ ಒಪ್ಪಿಗೆ ಒತ್ತಬೇಕು. ಫೋನಿನ ಭಾಷೆ ಇಂಗ್ಲಿಷಾಗಿದ್ದರೆ ಈ ದಾರಿಯ ಫಲಕಗಳೆಲ್ಲ ಇಂಗ್ಲಿಷಿನಲ್ಲಿರುತ್ತವೆ.

ಈಗ ಮೈಕಿನ ಗುರುತು ಒತ್ತಿ ಮಾತಾಡಿದರೆ ಫೋನೇ ಬರೆಯುತ್ತದೆ. ಮಣೆಯ ಕಾಟ ತಪ್ಪಿತು ಎನ್ನುವವರಿದ್ದಾರೆ. ಹಾಗೇನೂ ಇಲ್ಲ. ಮಂಡ್ಯದವರು 'ಬತ್ತೀನಿ', ಧಾರವಾಡದವರು 'ಬರ್ತೇನಿ', ಕುಂದಾಪುರದವರು 'ಬತ್ತೆ' ಎಂದಾಗ ಅದನ್ನು ಆಡಿದಂತೆ ಇಳಿಸಬೇಕೋ 'ಬರುತ್ತೇನೆ' ಎಂದು ತಿದ್ದಬೇಕೋ ಎಂಬುದೂ ಎತ್ವವನ್ನು ಯಾವ ಕೀಲಿಗೆ ಹಾಕಬೇಕು ಎಂಬಂಥದೇ ತೀರ್ಮಾನ. ಒಂದೇ ವ್ಯತ್ಯಾಸ: ಮಣೆಯಾದರೆ ಕಣ್ಣಿಗೆ ಕಾಣುತ್ತಿತ್ತು, ಯಾರನ್ನು ಮೂಲೆಗೆ ತಳ್ಳಿದ್ದಾರೆಂದು ಬೆರಳಿಟ್ಟು ತೋರಿಸಬಹುದಿತ್ತು.