ಬಾಂಬೆ ಹೌಸಿನ ಕಂಪ್ಯೂಟರ್ ವಿಭಾಗ

2004ರ ಆಗಸ್ಟ್ 25ರಂದು ಟಾಟಾ ಕನ್ಸಲ್ಟೆನ್ಸಿ ಸರ್ವಿಸಸ್ ಷೇರುಪೇಟೆಗೆ ಬಂತು. ಷೇರೊಂದಕ್ಕೆ 850 ರೂಪಾಯಿಯಂತೆ ಮಾರಿ ಸುಮಾರು 5,400 ಕೋಟಿ ರೂಪಾಯಿ ಎತ್ತಿದ ಆ ವಿತರಣೆ, ದೇಶದ ಖಾಸಗಿ ವಲಯದಲ್ಲಿ ಅಲ್ಲಿಯವರೆಗಿನ ಅತಿ ದೊಡ್ಡದು. ಅದಕ್ಕಿಂತ ವಿಚಿತ್ರವಾದ ಸಂಗತಿ ಇನ್ನೊಂದಿದೆ. ಹುಟ್ಟಿದ 36 ವರ್ಷ ಟಿಸಿಎಸ್ ಒಂದು ಕಂಪನಿಯೇ ಆಗಿರಲಿಲ್ಲ. ಅದು ಟಾಟಾ ಸನ್ಸ್‌ನ ಒಂದು ವಿಭಾಗ. ಫೋರ್ಟ್‌ನ ಹೋಮಿ ಮೋದಿ ಬೀದಿಯಲ್ಲಿ, 1924ರಿಂದ ನಿಂತಿರುವ ಬಾಂಬೆ ಹೌಸಿನ ಲೆಕ್ಕದ ಪುಸ್ತಕದೊಳಗೇ ಅದರ ಲಾಭವೂ ಸೇರುತ್ತಿತ್ತು.

ದೊಡ್ಡ ತಂತ್ರಜ್ಞಾನ ಕಂಪನಿಗಳನ್ನು ‘ಕಾಂಗ್ಲೋಮರೇಟ್’ ಎನ್ನಬಹುದೇ ಎಂಬ ಪ್ರಶ್ನೆಯನ್ನು ಈಗ ಗೂಗಲ್, ಅಮೆಜಾನ್‌ಗಳ ಬಗ್ಗೆ ಕೇಳುತ್ತಾರೆ. ಮುಂಬೈಯಲ್ಲಿ ಅದನ್ನು ಕೇಳಿದರೆ ಉತ್ತರ ತಿರುವುಮುರುವಾಗಿ ಸಿಗುತ್ತದೆ.

ಮೊದಲು ಪದದ ಮಾತು. ಲ್ಯಾಟಿನ್‌ನಲ್ಲಿ ‘ಗ್ಲೋಮಸ್’ ಎಂದರೆ ನೂಲಿನ ಉಂಡೆ. ಒಟ್ಟಿಗೆ ಸುತ್ತಿ ಉಂಡೆ ಮಾಡಿದ್ದು ಕಾಂಗ್ಲೋಮರೇಟ್. ಭೂವಿಜ್ಞಾನಿಗಳು ಈ ಪದವನ್ನು ಬೇರೊಂದಕ್ಕೆ ಇಟ್ಟುಕೊಂಡಿದ್ದಾರೆ: ಉರುಟು ಕಲ್ಲುಗಳು ಮಣ್ಣುಮರಳಿನ ಬೆಸುಗೆಯಲ್ಲಿ ಕಚ್ಚಿಕೊಂಡು ಆದ ಬಂಡೆ. ಚಿತ್ರದುರ್ಗದ ಕಡೆಯ ತಾಳ್ಯದಲ್ಲಿ ಅಂಥ ಬಂಡೆಯಿದೆ. ವ್ಯಾಪಾರದ ಅರ್ಥ ರೂಢಿಗೆ ಬಂದದ್ದು 1960ರ ದಶಕದ ಅಮೆರಿಕದಲ್ಲಿ. ಟೆಲಿಫೋನ್ ಕಂಪನಿಯಾಗಿದ್ದ ಐಟಿಟಿ ಆಗ ಏವಿಸ್ ಬಾಡಿಗೆ ಕಾರುಗಳನ್ನೂ ಶೆರಟನ್ ಹೋಟೆಲುಗಳನ್ನೂ ಕೊಂಡು ಕಟ್ಟಿಕೊಂಡಿತು. ಕನ್ನಡ ಪತ್ರಿಕೆಗಳು ‘ಸಮೂಹ’ ಎನ್ನುತ್ತವೆ. ಆದರೆ ಸಮೂಹದಲ್ಲಿ ಕಲ್ಲುಗಳಷ್ಟೇ ಇವೆ, ಬೆಸುಗೆ ಇಲ್ಲ. ಮುಂಬೈಯ ಕಥೆಯೆಲ್ಲ ಆ ಬೆಸುಗೆಯದು.

ಟಾಟಾಗಳ ಬೆಸುಗೆ ಬಹುಕಾಲ ಒಂದು ಕರಾರಾಗಿತ್ತು. ಅದರ ಹೆಸರು ಮ್ಯಾನೇಜಿಂಗ್ ಏಜೆನ್ಸಿ. ಉಕ್ಕಿನ ಕಂಪನಿ, ವಿದ್ಯುತ್ ಕಂಪನಿ, ಹತ್ತಿಗಿರಣಿಗಳಿಗೆ ಅವುಗಳದೇ ಷೇರುದಾರರಿದ್ದರು, ಅವುಗಳದೇ ನಿರ್ದೇಶಕ ಮಂಡಳಿಗಳಿದ್ದವು. ಆದರೆ ಅವುಗಳನ್ನು ನಡೆಸುವ ಗುತ್ತಿಗೆ ಒಂದೇ ಸಂಸ್ಥೆಯ ಕೈಯಲ್ಲಿ. ಬಂಡವಾಳ ಕಡಿಮೆಯಿದ್ದರೂ ಹಿಡಿತ ಬಿಗಿಯಾಗಿರುತ್ತಿತ್ತು, ಪ್ರತಿಫಲವಾಗಿ ಲಾಭದಲ್ಲೊಂದು ಪಾಲೂ ಬರುತ್ತಿತ್ತು. ಬಿರ್ಲಾ, ಥಾಪರ್, ಕಲ್ಕತ್ತೆಯ ಬ್ರಿಟಿಷ್ ಕಂಪನಿಗಳು ಎಲ್ಲರೂ ಹೀಗೇ ನಡೆಸಿದವರು.

ಸ್ವಾತಂತ್ರ್ಯಾನಂತರದ ಸರ್ಕಾರಕ್ಕೆ ಈ ಬೆಸುಗೆ ಕಣ್ಣಿಗೆ ಚುಚ್ಚಿತು. 1965ರಲ್ಲಿ ವರದಿ ಕೊಟ್ಟ ಏಕಸ್ವಾಮ್ಯ ವಿಚಾರಣಾ ಆಯೋಗ 75 ಉದ್ಯಮ ಮನೆತನಗಳನ್ನು ಪಟ್ಟಿ ಮಾಡಿತು; ಮೊದಲ ಹೆಸರು ಟಾಟಾ. ಮರುವರ್ಷ ಬಾಂಬೆಯ ಅರ್ಥಶಾಸ್ತ್ರಜ್ಞ ಆರ್. ಕೆ. ಹಜಾರಿ ಖಾಸಗಿ ಕಂಪನಿಗಳ ಒಡೆತನದ ಬಗ್ಗೆ ದೊಡ್ಡ ಪುಸ್ತಕವನ್ನೇ ತಂದರು. ಅವರು ಕಂಪನಿಗಳನ್ನು ಒಳವೃತ್ತ, ಹೊರವೃತ್ತ ಎಂದು ವಿಂಗಡಿಸಿದರು. ಪೂರ್ತಿ ಹಿಡಿತದಲ್ಲಿರುವುವು ಒಳಗೆ, ಹಿಡಿತ ಅರೆಬರೆ ಇರುವುವು ಹೊರಗೆ. ಒಂದು ಮನೆತನ ಎಷ್ಟು ಬಗೆಯ ಸರಕು ಮಾಡುತ್ತದೆ ಎಂಬುದು ಅವರಿಗೆ ಮುಖ್ಯವಾಗಿರಲಿಲ್ಲ. ಯಾರ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದನ್ನು ಅವರು ಅಳೆದರು. ಇಂದಿನ ಎಷ್ಟೋ ಚರ್ಚೆಗಳಿಗಿಂತ ಅದು ಹರಿತವಾದ ಅಳತೆ.

1969ರ ಎಂಆರ್‌ಟಿಪಿ ಕಾಯ್ದೆ ಇದೇ ದಾರಿ ಹಿಡಿಯಿತು. ‘ಪರಸ್ಪರ ಸಂಬಂಧವುಳ್ಳ ಉದ್ಯಮಗಳ’ ಆಸ್ತಿಯನ್ನೆಲ್ಲ ಕೂಡಿಸಿ 20 ಕೋಟಿ ರೂಪಾಯಿ ದಾಟಿದರೆ, ಗಣನೀಯವಾಗಿ ವಿಸ್ತರಿಸಲು, ಹೊಸ ಉದ್ಯಮ ತೆರೆಯಲು ದೆಹಲಿಯ ಅಪ್ಪಣೆ ಬೇಕು. 1970ರ ಏಪ್ರಿಲ್‌ನಲ್ಲಿ ಮ್ಯಾನೇಜಿಂಗ್ ಏಜೆನ್ಸಿಯೇ ರದ್ದಾಯಿತು. ‘ಸಮೂಹ’ ಎನಿಸಿಕೊಳ್ಳುವುದು ಆಗ ಹೆಮ್ಮೆಯಲ್ಲ, ಅಪಾಯ. ತಮ್ಮ ಕಂಪನಿಗಳು ಸ್ವತಂತ್ರವಾಗಿ ನಡೆಯುತ್ತವೆ ಎನ್ನುವುದೇ ಜೆ. ಆರ್. ಡಿ. ಟಾಟಾ ಅವರ ನಿಲುವಾಗಿತ್ತು. ಕಾಲಕ್ರಮದಲ್ಲಿ ಆ ಮಾತು ನಿಜವೂ ಆಯಿತು. ಉಕ್ಕಿನಲ್ಲಿ ರೂಸಿ ಮೋದಿ, ರಾಸಾಯನಿಕಗಳಲ್ಲಿ ದರ್ಬಾರಿ ಸೇಠ್, ಹೋಟೆಲುಗಳಲ್ಲಿ ಅಜಿತ್ ಕೇರ್ಕರ್ ತಂತಮ್ಮ ಸೀಮೆಯ ಪಾಳೆಯಗಾರರಾದರು. ಮುಖ್ಯ ಕಂಪನಿಗಳಲ್ಲಿ ಟಾಟಾ ಸನ್ಸ್‌ನ ಪಾಲು ಒಂದಂಕಿಯ ಪ್ರತಿಶತಕ್ಕೆ ಇಳಿದಿತ್ತು.

ಈ ಕರಾರು ಸಾಯುವ ಎರಡು ವರ್ಷ ಮುಂಚೆ, 1968ರಲ್ಲಿ, ಟಾಟಾ ಸನ್ಸ್ ಒಂದು ಕಂಪ್ಯೂಟರ್ ವಿಭಾಗ ತೆರೆಯಿತು. ಮರುವರ್ಷ ಟಾಟಾ ಎಲೆಕ್ಟ್ರಿಕ್‌ನಿಂದ ಬಂದ ಎಂಜಿನಿಯರ್ ಎಫ್. ಸಿ. ಕೊಹ್ಲಿ ಅದರ ಹೊಣೆ ಹೊತ್ತರು. ಮೊದಲ ಕೆಲಸಗಳಲ್ಲಿ ಮಹತ್ವಾಕಾಂಕ್ಷೆಯ ವಾಸನೆಯೂ ಇರಲಿಲ್ಲ: ಉಕ್ಕಿನ ಕಂಪನಿಗೆ ಪಂಚ್ ಕಾರ್ಡ್ ಸೇವೆ, ಸೆಂಟ್ರಲ್ ಬ್ಯಾಂಕಿನ ಶಾಖೆ ಶಾಖೆಗಳ ನಡುವಿನ ಲೆಕ್ಕ ತಾಳೆ ಹಾಕುವುದು. ಮನೆಯ ಗುಮಾಸ್ತಿಕೆಯೇ ಅದು. 1970ರ ದಶಕದಲ್ಲಿ ಅಮೆರಿಕದ ಬರೋಸ್ ಕಂಪನಿಯೊಡನೆ ನಂಟು ಬೆಳೆದು, ಅಲ್ಲಿನ ಗಿರಾಕಿಗಳಿಗೆ ಸಾಫ್ಟ್‌ವೇರ್ ರಫ್ತು ಶುರುವಾಯಿತು. ನಾರಿಮನ್ ಪಾಯಿಂಟ್‌ನ ನಿರ್ಮಲ್ ಕಟ್ಟಡದ ಈ ಆಫೀಸಿಗೆ ಕಾರ್ಖಾನೆಯೂ ಬೇಕಿರಲಿಲ್ಲ, ಉಕ್ಕಿಗೆ ಬೇಕಾದಂಥ ಪರವಾನಗಿಯ ಕಟ್ಟುಗಳೂ ಬೇಕಿರಲಿಲ್ಲ. ಯಂತ್ರ ತರಿಸುವಾಗ ಸುಂಕ, ವಿದೇಶಿ ವಿನಿಮಯಗಳ ತೊಡಕು ಇತ್ತು, ಅಷ್ಟೆ.

1991ರಲ್ಲಿ ರತನ್ ಟಾಟಾ ಅಧ್ಯಕ್ಷರಾದರು. ಅದೇ ವರ್ಷ ಎಂಆರ್‌ಟಿಪಿಯ ಆಸ್ತಿ ಮಿತಿ ಹೋಯಿತು. ಒಂದಾಗಲು ಅಡ್ಡಿಯಿಲ್ಲ ಈಗ, ಬೇಕಾದದ್ದು ದುಡ್ಡು. ಕಂಪನಿಗಳಲ್ಲಿ ಪಾಲು ಹೆಚ್ಚಿಸಿಕೊಳ್ಳದಿದ್ದರೆ ಹೊರಗಿನವರು ನುಂಗುವ ಭಯವಿತ್ತು. ಟಾಟಾ ಸನ್ಸ್ ಹಕ್ಕಿನ ಷೇರುಗಳನ್ನು ಹೊರಡಿಸಿತು, ಹೆಸರು ಬಳಸುವ ಕಂಪನಿಗಳಿಂದ ಶುಲ್ಕ ಪಡೆಯತೊಡಗಿತು. ಆದರೆ ವರ್ಷವರ್ಷವೂ ಬತ್ತದೆ ಹರಿದದ್ದು ಗುಮಾಸ್ತಿಕೆಯಿಂದ ಶುರುವಾದ ಆ ವಿಭಾಗದ ಗಳಿಕೆ. ಬೇರೆ ಕಂಪನಿಗಳಿಂದ ಬರುವ ಲಾಭಾಂಶವನ್ನು ಅವುಗಳ ಉಳಿದ ಷೇರುದಾರರ ಜೊತೆ ಹಂಚಿಕೊಳ್ಳಬೇಕಿತ್ತು. ಟಿಸಿಎಸ್ ವಿಭಾಗವಾಗಿದ್ದರಿಂದ ಅದರ ಲಾಭ ಪೂರ್ತಿ ಟಾಟಾ ಸನ್ಸ್‌ನದೇ. ಕರಾರು ಹೋದಲ್ಲಿ ಷೇರು ಬಂತು, ಷೇರು ಕೊಳ್ಳಲು ಸಾಫ್ಟ್‌ವೇರ್‌ನ ಹಣ ಬಂತು. ತಂತ್ರಜ್ಞಾನ ಕಂಪನಿ ಕಾಂಗ್ಲೋಮರೇಟ್ ಆಗಲಿಲ್ಲ. ಬಿಡಿಬಿಡಿಯಾಗಿ ಉದುರುತ್ತಿದ್ದ ಕಲ್ಲುಗಳನ್ನು ಮತ್ತೆ ಬಂಡೆ ಮಾಡಿದ ಬೆಸುಗೆ ಅದು.

ಹಾಗಿದ್ದರೆ ಟಿಸಿಎಸ್ ಸ್ವತಃ ಏನು? ಅದು ಬ್ಯಾಂಕುಗಳಿಗೂ ವಿಮಾ ಕಂಪನಿಗಳಿಗೂ ದುಡಿಯುತ್ತದೆ, ಪಾಸ್‌ಪೋರ್ಟ್ ಸೇವಾ ಕೇಂದ್ರಗಳ ತಂತ್ರಾಂಶವನ್ನೂ ನಡೆಸುತ್ತದೆ. ಗಿರಾಕಿಗಳು ನಾನಾ ಬಗೆ, ಮಾರುವ ವಸ್ತು ಒಂದೇ ಜಾತಿಯದು. ಮದುವೆಗೂ ತಿಥಿಗೂ ಅಡುಗೆ ಮಾಡುವವರು ಅಡುಗೆಯವರೇ.

ವಿಪ್ರೋ ಕಥೆ ಬೇರೆ. 1945ರಲ್ಲಿ ಖಾನದೇಶದ ಅಮಳನೇರಿನಲ್ಲಿ ಅಡುಗೆ ಎಣ್ಣೆಗಾಗಿ ಹುಟ್ಟಿದ ಆ ಕಂಪನಿ ಮುಂದೆ ಒಂದೇ ಛಾವಣಿಯಡಿ ಸಂತೂರ್ ಸಾಬೂನು, ಬಲ್ಬು, ಹೈಡ್ರಾಲಿಕ್ ಸಿಲಿಂಡರ್, ಸಾಫ್ಟ್‌ವೇರ್ ಎಲ್ಲವನ್ನೂ ಇಟ್ಟುಕೊಂಡಿತು. ಪಾಠಪುಸ್ತಕದ ಅರ್ಥದಲ್ಲಿ ನಿಜವಾದ ಕಾಂಗ್ಲೋಮರೇಟ್. 2013ರಲ್ಲಿ ಸಾಬೂನು, ಬಲ್ಬು, ಸಿಲಿಂಡರ್‌ಗಳನ್ನು ವಿಪ್ರೋ ಎಂಟರ್‌ಪ್ರೈಸಸ್ ಎಂಬ ಬೇರೆ ಕಂಪನಿಗೆ ಕೊಟ್ಟು, ಮೂಲ ಕಂಪನಿ ಐಟಿಗಷ್ಟೇ ನಿಂತಿತು. ಗೂಗಲ್ 2015ರಲ್ಲಿ ಆಲ್ಫಬೆಟ್ ಎಂಬ ಮಾತೃಸಂಸ್ಥೆಯನ್ನು ತಲೆಯ ಮೇಲೆ ಕಟ್ಟಿಕೊಂಡು, ಚಾಲಕನಿಲ್ಲದ ಕಾರಿನಂಥ ಸಾಹಸಗಳನ್ನು ಹುಡುಕಾಟದ ವ್ಯಾಪಾರದಿಂದ ಬೇರೆ ಮಾಡಿತು. ಆದರೆ ಆ ಸಾಹಸಗಳಿಗೆ ಹಣ ಬರುವುದು ಮುಖ್ಯವಾಗಿ ಜಾಹೀರಾತಿನಿಂದಲೇ. ಹಜಾರಿಯವರ ಕೈಗೆ ಕೊಟ್ಟಿದ್ದರೆ ಅವರು ಅದನ್ನೆಲ್ಲ ಒಳವೃತ್ತದಲ್ಲೇ ಬರೆಯುತ್ತಿದ್ದರು.

2017ರಲ್ಲಿ ಟಿಸಿಎಸ್ ಮುಖ್ಯಸ್ಥರಾಗಿದ್ದ ಎನ್. ಚಂದ್ರಶೇಖರನ್ ಟಾಟಾ ಸನ್ಸ್‌ನ ಅಧ್ಯಕ್ಷರಾದರು. 2022ರ ಜನವರಿಯಲ್ಲಿ ಏರ್ ಇಂಡಿಯಾ ಮನೆಗೆ ಮರಳಿತು. ಅದೇ ಸೆಪ್ಟೆಂಬರ್‌ನಲ್ಲಿ ರಿಸರ್ವ್ ಬ್ಯಾಂಕ್ ಟಾಟಾ ಸನ್ಸ್ ಅನ್ನು ಬ್ಯಾಂಕೇತರ ಹಣಕಾಸು ಕಂಪನಿಗಳ ‘ಮೇಲಿನ ಪದರ’ಕ್ಕೆ ಸೇರಿಸಿತು. ಹಾಗೆ ಸೇರಿದವರು ಮೂರು ವರ್ಷದೊಳಗೆ ಷೇರುಪೇಟೆಗೆ ಬರಬೇಕು. ಅರ್ಧ ಶತಮಾನದ ನಂತರ ಮತ್ತೆ ಹೆಸರಿನ ಪ್ರಶ್ನೆ: ಬಾಂಬೆ ಹೌಸ್ ಎಂದರೆ ಏನು? 2024ರ ಮಾರ್ಚ್‌ನಲ್ಲಿ ಟಾಟಾ ಸನ್ಸ್ ಸುಮಾರು 9,300 ಕೋಟಿ ರೂಪಾಯಿಯ ಷೇರುಗಳನ್ನು ಮಾರಿತು. ಅದೇ ವರ್ಷ ಸಾಲ ತೀರಿಸಿ, ಹಣಕಾಸು ಕಂಪನಿಯೆಂಬ ನೋಂದಣಿಯನ್ನು ಹಿಂದಿರುಗಿಸಲು ಅರ್ಜಿ ಹಾಕಿತು. ಮಾರಿದ್ದು ಟಿಸಿಎಸ್ ಷೇರುಗಳನ್ನು.