ಜೀರ್ಣವೂ ಹಾಳೂ

ಕೆಡುವುದೆಂಬ ಒಂದೇ ಕ್ರಿಯೆಗೆ ಕನ್ನಡದ ಮನೆಮಾತಿನಲ್ಲಿ ಎಷ್ಟು ಹೆಸರುಗಳಿವೆಯೆಂದು ಎಣಿಸಿ ನೋಡಿದವರು ವಿರಳ. ಅನ್ನವು ಹಳಸುತ್ತದೆ, ಹಣ್ಣು ಕೊಳೆಯುತ್ತದೆ, ಹಗೇವಿಗೆ ನೀರಿಳಿದರೆ ರಾಗಿಯು ಮುಗ್ಗುತ್ತದೆ, ತೊಲೆಗೆ ಕುಂಬು ಹಿಡಿಯುತ್ತದೆ, ಗುದ್ದಲಿಗೆ ತುಕ್ಕು ಹತ್ತುತ್ತದೆ. ಗುಬ್ಬಿಯ ಸಂತೆಯಲ್ಲಿ ಕೊಬ್ಬರಿಯನ್ನು ಮೂಸಿ ನೋಡಿದವನು ‘ಕಮಟು’ ಎನ್ನುವನೇ ಹೊರತು ‘ಹಳಸಿದೆ’ ಎನ್ನನು.

ಈ ವಿವೇಚನೆಯು ಕೇವಲ ನುಡಿಯ ಬೆಡಗಲ್ಲ. ಕೇಡಿನ ಹೆಸರು ನಿಶ್ಚಯವಾದ ಮೇಲೆಯೇ ಅದರ ಪರಿಹಾರವೂ ನಿಶ್ಚಯವಾಗತಕ್ಕದ್ದು. ಮಲೆನಾಡಿನ ತೋಟಗಾರರು ಅಡಕೆಯ ಗೊನೆಗೆ ತಗಲುವ ವ್ಯಾಧಿಯನ್ನು ಕೊಳೆರೋಗವೆಂದು ಕರೆದರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯಲ್ಲಿದ್ದ ಲೆಸ್ಲಿ ಕೋಲ್ಮನ್ನರು 1910ರಲ್ಲಿ ಅದನ್ನು ಕುರಿತು ಬರೆದಾಗ ಇಂಗ್ಲಿಷಿನ ನಡುವೆಯೂ ಆ ಕನ್ನಡದ ಹೆಸರನ್ನೇ ಉಳಿಸಿಕೊಂಡರು. ಮೈಲುತುತ್ತ ಮತ್ತು ಸುಣ್ಣಗಳನ್ನು ಬೆರೆಸಿದ ನೀರನ್ನು ಗೊನೆಗಳಿಗೆ ಸಿಂಪಡಿಸುವ ಉಪಾಯವನ್ನು ತೋಟಗಳಲ್ಲಿ ಬಳಕೆಗೆ ತಂದರು.

ಗುಡಿ, ಕೆರೆ, ಊರುಗಳ ಕೇಡನ್ನು ಹೇಳುವುದಕ್ಕೆ ಕನ್ನಡದಲ್ಲಿ ಮುಖ್ಯವಾಗಿ ಎರಡು ಮಾತುಗಳಿವೆ: ಒಂದು ಜೀರ್ಣ, ಇನ್ನೊಂದು ಹಾಳು. ಈಗಿನ ಬಳಕೆಯಲ್ಲಿ ಇವೆರಡೂ ಸಮಾನಾರ್ಥಕಗಳೆಂಬಂತೆ ಸಾಗಿವೆ. ಆದರೆ ಇವುಗಳ ಚರಿತ್ರೆಯು ಬೇರೆ ಬೇರೆ.

ಜೀರ್ಣಶಬ್ದವು ವಯಸ್ಸಿನಿಂದ ಕುಗ್ಗುವುದೆಂಬ ಅರ್ಥವುಳ್ಳ ಸಂಸ್ಕೃತದ ಜೄ ಧಾತುವಿನಿಂದ ಹುಟ್ಟಿದುದು. ಮುಪ್ಪನ್ನು ಹೇಳುವ ಜರಾಶಬ್ದವು ಅದರ ಒಡಹುಟ್ಟು. ಉಂಡ ಅನ್ನವು ಜೀರ್ಣವಾದರೆ ಆರೋಗ್ಯ, ಆಗದಿದ್ದರೆ ಅಜೀರ್ಣ. ಆದಕಾರಣ ಜೀರ್ಣವಾಗುವುದು ದೋಷವಲ್ಲ. ಕಾಲವು ತನ್ನ ಕೆಲಸವನ್ನು ಮಾಡಿದೆಯೆಂಬುದಷ್ಟೇ ಅದರ ಅರ್ಥ. ನಮ್ಮ ಶಾಸನಗಳಲ್ಲಿ ಈ ಶಬ್ದವು ಪ್ರಾಯಶಃ ಒಂಟಿಯಾಗಿ ಬರುವುದಿಲ್ಲ. ದೇವಾಲಯಕ್ಕೆ ಭೂಮಿಯನ್ನು ಬಿಡುವಾಗ ನೈವೇದ್ಯ, ನಂದಾದೀವಿಗೆಗಳೊಡನೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ಕ್ಕೆಂದು ಸೇರಿಸುವುದು ವಾಡಿಕೆಯಾಗಿದ್ದಿತು. ಖಂಡವೆಂದರೆ ಮುರಿದುದು, ಸ್ಫುಟಿತವೆಂದರೆ ಬಿರಿದುದು. ಕಲ್ಲು ಇನ್ನೂ ಹೊಸದಾಗಿರುವಾಗಲೇ ಅದು ಮುಂದೆ ಬಿರಿಯುವುದೆಂದು ಬಗೆದು, ಆ ಬಿರುಕಿಗೆ ಬೇಕಾದ ಗದ್ದೆಯನ್ನೂ ಬಿಟ್ಟುಕೊಟ್ಟ ಪೂರ್ವಿಕರ ದೂರದೃಷ್ಟಿಯು ಈ ಒಂದು ಸಮಾಸದಲ್ಲಿ ಅಡಗಿದೆ.

ತುಮಕೂರಿನಿಂದ ಕುಣಿಗಲಿಗೆ ಹೋಗುವ ದಾರಿಯಲ್ಲಿ ಗೂಳೂರಿನ ಬಳಿ ಕೈದಾಳವಿದೆ. ಹೊಯ್ಸಳ ಒಂದನೆಯ ನರಸಿಂಹನ ಸಾಮಂತನಾದ ಗೂಳಿ ಬಾಚಿಯ ಕಾಲದಲ್ಲಿ, ಸುಮಾರು 1150ರಲ್ಲಿ, ಅಲ್ಲಿ ಗುಡಿಗಳಾದುವು. ಜಕಣಾಚಾರಿಯ ಕಥೆಯು ಆ ಊರಿನ ಹೆಸರಿಗೇ ಅಂಟಿಕೊಂಡಿದೆ. ಬೇಲೂರಿನ ವಿಗ್ರಹದ ಕಲ್ಲಿನಲ್ಲಿ ದೋಷವಿದೆಯೆಂದು ಅವನ ಮಗನು ತೋರಿಸಿಕೊಟ್ಟನಂತೆ. ಬಳಿದ ಗಂಧವೆಲ್ಲ ಆರಿದರೂ ಹೊಕ್ಕುಳಲ್ಲಿ ಹಸಿಯಾಗಿಯೇ ಉಳಿದು, ಒಳಗಿನಿಂದ ಕಪ್ಪೆಯು ಹೊರಬಿದ್ದಿತಂತೆ. ಪಂತದಂತೆ ಕೈಯನ್ನು ಕಡಿದುಕೊಂಡ ಶಿಲ್ಪಿಯು ಇಲ್ಲಿ ಚೆನ್ನಕೇಶವನ ಗುಡಿಯನ್ನು ಕಟ್ಟಲು, ಅವನಿಗೆ ಮತ್ತೆ ಕೈ ಬಂದಿತೆಂದು ಐತಿಹ್ಯ. ಇದನ್ನು ಚರಿತ್ರೆಯೆನ್ನಲಾಗದು. ಆದರೂ ದೋಷವನ್ನು ಒಪ್ಪಿಕೊಂಡವನಿಗೆ ಮಾತ್ರ ಉದ್ಧಾರವುಂಟೆಂಬ ಜನದ ನಂಬಿಕೆಯು ಇದರಲ್ಲಿ ಸ್ಪಷ್ಟವಾಗಿದೆ.

ಗುಡಿಗಾದ ನ್ಯಾಯವೇ ಕೆರೆಗೂ ಆಗಿದ್ದಿತು. ಹೂಳು ತುಂಬುವುದು ಕೆರೆಯ ಸಹಜಧರ್ಮ. ಅದು ಕೆರೆಯ ಮುಪ್ಪು. ಇದಕ್ಕಾಗಿ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ದತ್ತಿಗಳು ಶಾಸನಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತವೆ. ಜನಪದರು ಹಾಡಿ ಹೊಗಳಿದ ಕುಣಿಗಲ ಕೆರೆಯಂತಹ ದೊಡ್ಡ ಕೆರೆಗಳು ಒಮ್ಮೆ ಕಟ್ಟಿದ ಪುಣ್ಯದಿಂದಲೇ ಉಳಿದುವೆಂದು ತಿಳಿಯಬಾರದು. ಏರಿಯನ್ನು ಬಲಪಡಿಸಿದವರು, ತೂಬನ್ನು ಕಾದ ನೀರಗಂಟಿಗಳು, ಹೂಳನ್ನು ಹೊತ್ತ ಕೂಲಿಗಳು ತಲೆಮಾರಿನಿಂದ ತಲೆಮಾರಿಗೆ ಅವುಗಳನ್ನು ಉಳಿಸಿದರು.

ಹಾಳೆಂಬುದು ಅಚ್ಚಗನ್ನಡ. ಹಳಗನ್ನಡದಲ್ಲಿ ಇದರ ರೂಪವು ಪಾೞ್. ತಮಿಳಿನಲ್ಲಿಯೂ ಇದೇ ಶಬ್ದವುಂಟು. ಪಕಾರವು ಹಕಾರವಾಗಿ, ೞಕಾರವು ಬಳಕೆ ತಪ್ಪಿ ಈಗಿನ ರೂಪವು ಬಂದಿತು. ಹಾಳುಬಾವಿ, ಹಾಳುಮಂಟಪ, ಹಾಳೂರು ಎಂಬಲ್ಲಿ ಇದರ ಮೂಲಾರ್ಥವು ಇನ್ನೂ ಜೀವಂತವಾಗಿದೆ. ಜನರು ಬಿಟ್ಟುಹೋದುದೇ ಹಾಳು. ‘ಹಾಳೂರಿಗೆ ಉಳಿದವನೇ ಗೌಡ’ ಎಂಬ ಗಾದೆಯ ನಗೆಯಲ್ಲಿಯೂ ಈ ಶೂನ್ಯತೆಯೇ ಇದೆ. ಕಂದಾಯದ ಕಡತಗಳಲ್ಲಿ ಇಂತಹ ಊರನ್ನು ‘ಬೇಚಿರಾಕು’ ಗ್ರಾಮವೆಂದು ಬರೆಯುವರು. ಪಾರಸಿಯಿಂದ ಬಂದ ಆ ಮಾತಿಗೆ ದೀಪವಿಲ್ಲದ್ದೆಂದು ಅರ್ಥ. ಧಾತು ಈಶ್ವರ ಬರವೆಂದು ಹಿರಿಯರು ನೆನೆಯುತ್ತಿದ್ದ 1876–78ರ ಕ್ಷಾಮದಲ್ಲಿ ಎಷ್ಟು ಮನೆಗಳ ದೀಪ ನಂದಿತೆಂಬುದನ್ನು ಜನಗಣತಿಯೇ ಹೇಳುತ್ತದೆ: 1871ರಲ್ಲಿ 50,55,412 ಇದ್ದ ಮೈಸೂರು ಸೀಮೆಯ ಜನಸಂಖ್ಯೆಯು 1881ರಲ್ಲಿ 41,86,188ಕ್ಕೆ ಇಳಿದಿದ್ದಿತು.

ಹೀಗೆ ಜೀರ್ಣವು ಕಾಲದ ಕೆಲಸ. ಹಾಳು ಮನುಷ್ಯನ ಅಗಲಿಕೆ. ಬರವೋ ಯುದ್ಧವೋ ಜನರನ್ನು ಓಡಿಸಿದಲ್ಲಿ ಅದಕ್ಕೆ ಯಾರನ್ನೂ ದೂರುವಂತಿಲ್ಲ. ಆದರೆ ಊರು ತುಂಬಿರುವಾಗಲೇ ಗುಡಿಯು ಹಾಳಾದರೆ, ಕೆರೆಯು ಹಾಳಾದರೆ, ಆ ಮಾತು ಕಲ್ಲಿಗೂ ನೀರಿಗೂ ಸಲ್ಲತಕ್ಕದ್ದಲ್ಲ, ಊರಿನವರಿಗೆ ಸಲ್ಲತಕ್ಕದ್ದು.

ಇಂದು ಜೀರ್ಣೋದ್ಧಾರವೆಂಬ ಹೆಸರಿನಲ್ಲಿ ಹಳೆಯ ಗೋಡೆಯನ್ನು ಕೆಡವಿ ಸಿಮೆಂಟಿನದನ್ನು ಎಬ್ಬಿಸುವುದೂ, ಶಾಸನದ ಕಲ್ಲಿಗೆ ಬಣ್ಣ ಬಳಿಯುವುದೂ ಅಲ್ಲಲ್ಲಿ ಕಂಡುಬರುತ್ತದೆ. ತುಮಕೂರು ಸೀಮೆಯ ಶಾಸನಗಳನ್ನು ಬಿ. ಎಲ್. ರೈಸರು 1904ರಲ್ಲಿ ಅಚ್ಚು ಹಾಕಿಸಿದ್ದರಿಂದ ಆ ಸಂಪುಟದಲ್ಲಿ ಸೇರಿದ ಪಾಠವಾದರೂ ಉಳಿದೀತು. ಕಲ್ಲು ಹೋದರೆ ಮತ್ತೆ ಬಾರದು. ಉದ್ಧಾರವೆಂದರೆ ಮೇಲಕ್ಕೆತ್ತುವುದು, ಕಿತ್ತೆಸೆಯುವುದಲ್ಲ. ಮುದುಕನಿಗೆ ಊರುಗೋಲನ್ನು ಕೊಡುವುದು ಶುಶ್ರೂಷೆ. ಅವನನ್ನು ಹೊರಗಟ್ಟಿ ಆ ಜಾಗದಲ್ಲಿ ಬೇರೊಬ್ಬನನ್ನು ಕೂರಿಸುವುದಕ್ಕೆ ಯಾರೂ ಆ ಹೆಸರನ್ನು ಕೊಡರು. ಶಬ್ದದ ಅರ್ಥವು ಮೊದಲು ಉದ್ಧಾರವಾದರೆ ಗುಡಿಕೆರೆಗಳ ಉದ್ಧಾರಕ್ಕೂ ದಾರಿಯು ತಾನೇ ತೋರುವುದು.