ಬರದ ಹಿಂದೆ ಬಂದ ಮಿಷನ್

ವಿಜಯಪುರದ ಸ್ಟೇಷನ್ ರಸ್ತೆಯೂ ಆ ಊರಿನ ಬಾಸೆಲ್ ಮಿಷನ್ ಕೇಂದ್ರವೂ ಒಂದೇ ಬರಗಾಲದ ಮಕ್ಕಳು. 1876ರಲ್ಲಿ, ಅಂದರೆ ಧಾತು ಸಂವತ್ಸರದಲ್ಲಿ, ಮುಂಗಾರು ಕೈಕೊಟ್ಟಿತು. ಹಿಂದೆಯೇ ಹಿಂಗಾರೂ ಹೋಯಿತು. ಟಿಕೋಟಾ, ಬಬಲೇಶ್ವರ ಸೀಮೆಯ ಎರೆಹೊಲಗಳ ಬಾಳುವೆ ನಿಂತಿರುವುದು ಹಿಂಗಾರಿಯ ಬಿಳಿಜೋಳದ ಮೇಲೆ. ಬಿತ್ತನೆಗೆ ಮುಂಚೆ ಮಣ್ಣು ಹಸಿ ಹಿಡಿಯದಿದ್ದರೆ ಎರೆ ಬಾಯಿ ಬಿಡುತ್ತದೆ. ಆಗ ಮನುಷ್ಯರಿಗೆ ಕಾಳಿಲ್ಲ, ದನಕ್ಕೆ ಕಣಿಕೆಯೂ ಇಲ್ಲ. ಆಗ ಈ ಭಾಗವೆಲ್ಲ ಕಲಾದಗಿ ಜಿಲ್ಲೆ. 1872ರಲ್ಲಿ 8 ಲಕ್ಷ ದಾಟಿದ್ದ ಅದರ ಜನಸಂಖ್ಯೆ 1881ರ ಗಣತಿಯಲ್ಲಿ 6 ಲಕ್ಷ 40 ಸಾವಿರದೊಳಗೆ ಇಳಿದಿತ್ತು. ಸತ್ತವರೊಂದಿಗೆ ಗುಳೆ ಹೋದವರೂ ಈ ಲೆಕ್ಕದಲ್ಲಿದ್ದಾರೆ.

ಸರಕಾರ ಪರಿಹಾರ ಕಾಮಗಾರಿ ತೆರೆಯಿತು. ಆದರೆ ಸರಕಾರದ ಕ್ಷಾಮ ಪ್ರತಿನಿಧಿ ಸರ್ ರಿಚರ್ಡ್ ಟೆಂಪಲ್ ನಿಗದಿಪಡಿಸಿದ ದಿನಗೂಲಿ ಗಂಡಾಳಿಗೆ 1 ಪೌಂಡ್ ಧಾನ್ಯ ಮತ್ತು 1 ಆಣೆ. ದಿನವಿಡೀ ದುಡಿಯುವ ಮೈಗೆ ಅಷ್ಟು ಸಾಲದೆಂದು ಪುಣೆಯ ಸಾರ್ವಜನಿಕ ಸಭೆ ಪ್ರತಿಭಟಿಸಿತು. ಕೂಲಿಗೂ ನಿಲ್ಲಲಾರದವರು ಎಳೆಯ ಮಕ್ಕಳು. ಹೆತ್ತವರನ್ನು ಕಳೆದುಕೊಂಡ ಇಂಥವರನ್ನು ಒಳಗೆ ಕರೆದುಕೊಂಡವರಲ್ಲಿ ಬಾಸೆಲ್ ಮಿಷನ್ನಿನವರೂ ಇದ್ದರು.

ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆ 1834ರಲ್ಲಿ ಮಂಗಳೂರಿಗೆ ಬಂದು, 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ ಕಾಲಿಟ್ಟಿತ್ತು. 1841ರಲ್ಲಿ ಬೆಟಗೇರಿ, 1851ರಲ್ಲಿ ನೇಕಾರರ ಊರಾದ ಗುಳೇದಗುಡ್ಡ ಅದರ ಕೇಂದ್ರಗಳಾದವು. ಬರ ಬಂದಾಗ ಈ ಊರುಗಳಲ್ಲಿ ಮಿಷನ್ನಿನ ಮನೆಗಳಿದ್ದವು, ಕನ್ನಡ ಬಲ್ಲ ಉಪದೇಶಕರಿದ್ದರು, ಅಲ್ಲಿಯ ಕೇರಿಗಳ ಪರಿಚಯವಿತ್ತು. ಹಸಿದವರಿಗೆ ಹತ್ತಿರದಲ್ಲೇ ಒಂದು ಬಾಗಿಲು ಸಿಕ್ಕಿದ್ದು ಇದರಿಂದ. ಅನಾಥಾಲಯಕ್ಕೆ ಸೇರಿದ ಮಕ್ಕಳು ಕ್ರೈಸ್ತರಾಗಿ ಬೆಳೆದರೆಂಬುದನ್ನು ಮುಚ್ಚಿಡಬೇಕಾಗಿಲ್ಲ. ಅನ್ನ ಮತ್ತು ಧರ್ಮ ಒಂದೇ ಚಾವಣಿಯಡಿ ಸಿಕ್ಕಾಗ ಪ್ರಶ್ನೆಗಳು ಏಳುವುದು ಸಹಜ. ಆದರೂ ಆ ಮಕ್ಕಳು ಬದುಕಿ ಉಳಿದರು, ಓದು ಕಲಿತರು. ಈ ಮಾತಿಗೇ ಹೆಚ್ಚಿನ ತೂಕ ಸಲ್ಲಬೇಕು.

1880ರ ಕ್ಷಾಮ ಆಯೋಗ ಬರಪೀಡಿತ ಸೀಮೆಗೆ ಧಾನ್ಯ ಸಾಗಿಸಲು ರೈಲುಮಾರ್ಗಗಳು ಬೇಕೆಂದಿತು. 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿ ಹುಟ್ಟಿ, ಸೋಲಾಪುರದ ಬಳಿಯ ಹೋಟಗಿಯಿಂದ ಗದಗಿಗೆ ಮೀಟರ್ ಗೇಜ್ ಹಳಿ ಹಾಕಿತು. 1884ರಲ್ಲಿ ವಿಜಾಪುರಕ್ಕೆ, ಅಂದರೆ ಈಗಿನ ವಿಜಯಪುರಕ್ಕೆ, ರೈಲು ಬಂತು. ನಿಲ್ದಾಣ ಗೋಳಗುಮ್ಮಟದ ಮಗ್ಗುಲಲ್ಲೇ ಎದ್ದಿತು. ಅಲ್ಲಿಂದ ಪೇಟೆಯತ್ತ ಹೋಗುವ ದಾರಿ ಸ್ಟೇಷನ್ ರಸ್ತೆಯಾಯಿತು. 1885ರಲ್ಲಿ ಜಿಲ್ಲಾ ಕೇಂದ್ರ ಕಲಾದಗಿಯಿಂದ ಇಲ್ಲಿಗೆ ಬಂತು. ಆದಿಲ್‌ಶಾಹಿ ಮಹಲುಗಳಲ್ಲಿ ಕಚೇರಿಗಳು ಕೂತವು. ಬಾಸೆಲ್ ಮಿಷನ್ ವಿಜಾಪುರದಲ್ಲಿ ಕೇಂದ್ರ ತೆರೆದದ್ದೂ ಅದೇ 1885ರಲ್ಲಿ.

ಇಲ್ಲಿಯ ಕ್ರೈಸ್ತ ಸಭೆ ಕರಾವಳಿಯಷ್ಟು ಬೆಳೆಯಲಿಲ್ಲ. ಮಂಗಳೂರಿನಲ್ಲಿ ಮಗ್ಗಗಳಿದ್ದವು, 1865ರಿಂದ ಹೆಂಚಿನ ಕಾರ್ಖಾನೆಯೂ ಇತ್ತು. ಜಾತಿ ಬಿಟ್ಟು ಬಂದವರಿಗೆ ಕೆಲಸ ಸಿಗುತ್ತಿತ್ತು. ಬಯಲುಸೀಮೆಯಲ್ಲಿ ಆ ಆಸರೆ ಕಡಿಮೆ. ಹಾಗಾಗಿ ಇಲ್ಲಿಯ ಸೇವೆಯನ್ನು ದೀಕ್ಷಾಸ್ನಾನದ ಪಟ್ಟಿಯಿಂದ ಅಳೆದರೆ ಸಿಗುವುದು ಅಲ್ಪ. ಶಾಲೆಯ ಹಲಗೆಯಿಂದ, ಆಸ್ಪತ್ರೆಯ ಮಂಚದಿಂದ ಅಳೆಯುವುದೇ ಸರಿ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಟಗೇರಿಯಲ್ಲಿ ಮಿಷನ್ ಆಸ್ಪತ್ರೆ ನಿಂತಾಗ, ಬರಕ್ಕಾಗಿ ಹಾಕಿದ ಹಳಿಯೇ ದವಾಖಾನೆಯ ದಾರಿಯೂ ಆಯಿತು: ವಿಜಾಪುರದಲ್ಲಿ ರೈಲು ಹತ್ತಿದ ರೋಗಿ ಗದಗಿನಲ್ಲಿ ಇಳಿದರೆ ಬೆಟಗೇರಿ ಪಕ್ಕದಲ್ಲೇ.

ಊರಿನವರೂ ಕೈಕಟ್ಟಿ ಕೂರಲಿಲ್ಲ. 1910ರಲ್ಲಿ ಫ.ಗು. ಹಳಕಟ್ಟಿಯವರು ವಿಜಾಪುರದಲ್ಲಿ ಬಿ.ಎಲ್.ಡಿ.ಇ. ಶಿಕ್ಷಣ ಸಂಸ್ಥೆಗೆ ಅಡಿಗಲ್ಲಿಟ್ಟರು, ಜೊತೆಜೊತೆಗೆ ಶರಣರ ವಚನಗಳ ತಾಳೆಗರಿ ಹುಡುಕಿ ಅಚ್ಚು ಹಾಕಿಸಿದರು. ಬಾಸೆಲ್ ಮಿಷನ್ನಿನ ಸಭಾಪಾಲಕ ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಸರ್ವಜ್ಞನ ತ್ರಿಪದಿಗಳನ್ನು ಕಲೆಹಾಕಿ 1924ರಲ್ಲಿ ಪ್ರಕಟಿಸಿದರು. ಕ್ರೈಸ್ತ ಪಾದ್ರಿಯೊಬ್ಬರು ಕನ್ನಡದ ಜನಕವಿಯನ್ನು ಹೀಗೆ ಎತ್ತಿಕೊಂಡದ್ದು ಈ ನಾಡಿನ ಮಿಷನ್ ಇತಿಹಾಸದಲ್ಲೇ ದೊಡ್ಡ ಸೇವೆ. 1949ರಲ್ಲಿ ಕಲಬುರಗಿಯ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರಾದರು.

ನಡುವೆ ಮೊದಲ ಮಹಾಯುದ್ಧ ಬಂದು ಬಾಸೆಲ್ ಮಿಷನ್ನಿನಲ್ಲಿದ್ದ ಜರ್ಮನ್ ಮಿಷನರಿಗಳನ್ನು ಬ್ರಿಟಿಷ್ ಸರಕಾರ ಬಂಧನದಲ್ಲಿಟ್ಟಿತು. ಧಾರವಾಡ ಸೀಮೆಯ ಕೆಲಸವನ್ನು ಕೆಲವು ವರ್ಷ ಸ್ವಿಸ್ ಮಿಷನರಿಗಳು ನಡೆಸಿದರು. ಹಲವು ಪ್ರೊಟೆಸ್ಟೆಂಟ್ ಸಭೆಗಳು ಕೂಡಿದ ದಕ್ಷಿಣ ಭಾರತ ಸಭೆ (ಸಿ.ಎಸ್.ಐ.) 1947ರ ಸೆಪ್ಟೆಂಬರ್ 27ರಂದು ಹುಟ್ಟಿತು. ಉತ್ತರ ಕರ್ನಾಟಕದ ಬಾಸೆಲ್ ಸಭೆಗಳು ಆಮೇಲೆ ಅದರೊಳಗೆ ಬಂದವು. ಈಗ ವಿಜಯಪುರದ ಸಭೆ ಧಾರವಾಡ ಕೇಂದ್ರವಾಗಿರುವ ಉತ್ತರ ಕರ್ನಾಟಕ ಧರ್ಮಪ್ರಾಂತಕ್ಕೆ ಸೇರಿದೆ.